ಕಬ್ಬಿನ ಹೊಲಕ್ಕೆ ಎಂಥ ಕ್ಯಾಮೆರಾ ತರಬೇಕು?

ದಸರೆ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಏಕಸಂಬಿ, ಮಲಿಕವಾಡ, ಸದಲಗಾ ಕಡೆ ಕಬ್ಬು ಆಳೆತ್ತರ ದಾಟಿ ನಿಂತಿರುತ್ತದೆ. ಬದುವಿನ ಮೇಲೆ ನಿಂತು ಬ್ಯಾಟರಿ ಬಿಟ್ಟರೂ ನಾಲ್ಕು ಸಾಲಿನಾಚೆ ಬೆಳಕು ಹೋಗುವುದಿಲ್ಲ. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂತೆಂದರೆ ರೈತ ಆ ಕತ್ತಲಲ್ಲೇ ನೀರು ಹಾಯಿಸಲು ಹೋಗಬೇಕು. ಇಂಥ ದಿನಗಳಲ್ಲೇ ಯಾರದೋ ಮೊಬೈಲಿಗೆ ಒಂದು ಫೋಟೊ ಬರುತ್ತದೆ. ಜೊತೆಗೆ ‘ನಮ್ಮ ಹಳ್ಳದ ಕಡೆ ಚಿರತಿ ಬಂದೈತಂತ, ಹುಷಾರ್’ ಎಂಬ ಧ್ವನಿ. ಫೋಟೊ ಯಾವ ರಾಜ್ಯದ್ದೋ, ಯಾವ ವರ್ಷದ್ದೋ. ಮರುದಿನ ಹೊಲಕ್ಕೆ ಆಳು ಬರುವುದಿಲ್ಲ, ತೋಟದ ಮನೆಯ ಮಕ್ಕಳು ಶಾಲೆಗೆ ಹೋಗುವುದಿಲ್ಲ. ಎರಡು ದಿನ ಬಿಟ್ಟು ಹೆಜ್ಜೆ ನೋಡಲು ಬಂದ ಅರಣ್ಯ ಸಿಬ್ಬಂದಿಗೆ ಸಿಗುವುದು ಜನ ತುಳಿದು ಅಳಿಸಿದ ಕೆಸರು.

ಬಂದದ್ದು ಚಿರತೆಯೇ ಇರಬಹುದು. ಈ ಊರುಗಳ ಬದಿಯ ದೂಧಗಂಗಾ ನದಿ ಹುಟ್ಟುವುದು ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ಕಡೆಯ ಸಹ್ಯಾದ್ರಿಯಲ್ಲಿ. ಅಲ್ಲಿನ ಅಭಯಾರಣ್ಯ 1958ರಷ್ಟು ಹಳೆಯದು. ಅಲ್ಲಿಂದ ಇಲ್ಲಿಯವರೆಗೆ ನದಿಯ ಎರಡೂ ದಂಡೆಗೆ ಕಬ್ಬೇ ಕಬ್ಬು. ಮರೆ ಇದೆ, ನೀರಿದೆ, ಊರಂಚಿನಲ್ಲಿ ನಾಯಿಯಿದೆ. ಆದರೆ ಬಂದದ್ದು ಕತ್ತೆಕಿರುಬ, ತೋಳ, ನರಿ, ಬರಿಯ ಕಾಡುಬೆಕ್ಕು ಕೂಡ ಆಗಿರಬಹುದು. ಒಂದೊಂದಕ್ಕೂ ನಾವು ತೆಗೆದುಕೊಳ್ಳಬೇಕಾದ ಎಚ್ಚರ ಬೇರೆ. ಯಾವುದೆಂದು ಗೊತ್ತಾಗದಿದ್ದರೆ ಊರು ಎಲ್ಲದಕ್ಕೂ ಹೆದರಿ ಕೂರುತ್ತದೆ, ಇಲ್ಲವೇ ಯಾವುದಕ್ಕೂ ಎಚ್ಚರವಾಗುವುದಿಲ್ಲ.

ಬೆಳಗಾವಿ ನಗರವೇ ಈ ಭಯವನ್ನು ಅನುಭವಿಸಿದೆ. 2022ರ ಆಗಸ್ಟ್ 5ರಂದು ಜಾಧವ ನಗರದಲ್ಲಿ ಕಟ್ಟಡ ಕಾರ್ಮಿಕನೊಬ್ಬನನ್ನು ಗಾಯಗೊಳಿಸಿದ ಚಿರತೆ, ಪಕ್ಕದ ಗಾಲ್ಫ್ ಮೈದಾನದ ಗಿಡಗಂಟಿಯಲ್ಲಿ ಮರೆಯಾಯಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು. ಡ್ರೋನ್ ಹಾರಿಸಿದರು, ಬೋನು ಇಟ್ಟರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿದರು. ಚಿರತೆ ಬೋನಿಗೆ ಬೀಳಲೇ ಇಲ್ಲ. ಆ ದಿನಗಳಲ್ಲಿ ಮರಗಳಿಗೆ ಕಟ್ಟಿದ್ದ, ಪ್ರಾಣಿ ಎದುರು ಹಾದಾಗ ತಾನಾಗಿ ಚಿತ್ರ ತೆಗೆಯುವ ಟ್ರ್ಯಾಪ್ ಕ್ಯಾಮೆರಾಗಳ ಹೆಸರು ಜಿಲ್ಲೆಯ ಜನರ ಬಾಯಲ್ಲಿ ಓಡಾಡಿತು. ಅದೇ ಬಗೆಯ ಕ್ಯಾಮೆರಾ ಈಗ ಆನ್‌ಲೈನಿನಲ್ಲಿ ಐದಾರು ಸಾವಿರ ರೂಪಾಯಿಯಿಂದ ಸಿಗುತ್ತದೆ. ಹೆಸರಾಂತ ಕಂಪನಿಗಳದ್ದು ಬೇಕೆಂದರೆ ಅದರ ಎರಡು ಮೂರು ಪಟ್ಟು. ಕೊಳ್ಳಬೇಕೇ, ಕೊಂಡರೆ ಯಾವುದನ್ನು ಎಂದು ಕೇಳುವ ರೈತರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಡುಪ್ರಾಣಿ ತಾನೇ ತಂತಿ ತುಳಿದು ತನ್ನ ಫೋಟೊ ತೆಗೆಸಿಕೊಳ್ಳುವ ಉಪಾಯವನ್ನು ನಮ್ಮ ದೇಶದ ಕಾಡಿನಲ್ಲಿ 1920ರ ದಶಕದಲ್ಲೇ ಮಾಡಿ ತೋರಿಸಿದವರು ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್. ಕರ್ನಾಟಕದಲ್ಲಿ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಇದನ್ನು ಹುಲಿ ಎಣಿಕೆಯ ವಿಜ್ಞಾನವಾಗಿ ಬೆಳೆಸಿದರು. ಪ್ರತಿ ಹುಲಿಯ ಪಟ್ಟೆಯೂ ಬೇರೆಯಾದ್ದರಿಂದ, ಒಂದೇ ಹುಲಿಯನ್ನು ಎರಡು ಸಲ ಎಣಿಸುವ ತಪ್ಪು ತಪ್ಪಿತು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಕಟ್ಟಿದ್ದು ಗಿನ್ನೆಸ್ ದಾಖಲೆಯಾಯಿತು. ಆಗ ಸಿಕ್ಕ ಚಿತ್ರಗಳು 3.48 ಕೋಟಿ. ಅವುಗಳಲ್ಲಿ ಹುಲಿಯವು 76,651, ಚಿರತೆಯವು 51,777. ಎರಡೂ ಸೇರಿ ಶೇಕಡಾ ಅರ್ಧದಷ್ಟೂ ಆಗುವುದಿಲ್ಲ. ಉಳಿದವುಗಳಲ್ಲಿ ಬೇರೆ ಪ್ರಾಣಿ, ದನ, ಜನ, ಗಾಳಿಗೆ ಆಡಿದ ಹುಲ್ಲು. ಪಳಗಿದ ಕೈಗಳಿಗೇ ಹೀಗೆಂದ ಮೇಲೆ, ಮೊದಲ ವಾರ ಬರೀ ಕಬ್ಬಿನ ಗರಿ ಸಿಕ್ಕಿತೆಂದು ನಮ್ಮ ರೈತ ಬೇಸರಪಡಬೇಕಿಲ್ಲ.

ಕೊಳ್ಳುವ ಮುನ್ನ ಕಾನೂನಿನ ಮಾತು ತಿಳಿದಿರಲಿ. ಈ ಕ್ಯಾಮೆರಾದ ಪೆಟ್ಟಿಗೆ ಮೇಲೆ ಹಲವು ಬಾರಿ ‘ಹಂಟಿಂಗ್ ಕ್ಯಾಮೆರಾ’ ಎಂದೇ ಅಚ್ಚಾಗಿರುತ್ತದೆ. ಅಮೆರಿಕದಲ್ಲಿ ಜಿಂಕೆ ಬೇಟೆ ಪರವಾನಗಿಯಿರುವ ಹವ್ಯಾಸ, ಬೇಟೆಗೆ ಮೊದಲು ಪ್ರಾಣಿಯ ಜಾಡು ನೋಡಲು ಅಲ್ಲಿನವರು ಇದನ್ನು ಕಟ್ಟುತ್ತಾರೆ. ಅಲ್ಲಿಯೂ ಅರಿಜೋನಾ ರಾಜ್ಯ, ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಉಳಿಯುವುದಿಲ್ಲವೆಂದು, 2022ರ ಜನವರಿಯಿಂದ ಬೇಟೆಗೆ ಇದರ ಬಳಕೆಯನ್ನೇ ನಿಷೇಧಿಸಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಲು ಹಾಕುವುದು, ವಿಷ ಇಡುವುದು, ಆಮಿಷ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ಚಿರತೆ, ತೋಳದಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು. ಬೆಳೆ ಹಾಳು ಮಾಡುವ ಕಾಡುಹಂದಿಯಾದರೂ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಆದೇಶವಿಲ್ಲದೆ ಕೊಲ್ಲುವಂತಿಲ್ಲ. ಹಂದಿ ಬರುವ ದಾರಿಯನ್ನು ಕ್ಯಾಮೆರಾದಲ್ಲಿ ನೋಡಿಕೊಂಡು ಅಲ್ಲಿ ತಂತಿಗೆ ಕರೆಂಟು ಬಿಡುವವರು, ಹಂದಿಗೆ ಮೊದಲು ಪಕ್ಕದ ಹೊಲದ ನೀರುಗಂಟಿಯನ್ನು ಕೊಲ್ಲಬಹುದು. ಆ ಕೆಲಸಕ್ಕೆ ಕ್ಯಾಮೆರಾ ಬೇಕೆನ್ನುವವರು ದಯವಿಟ್ಟು ಮುಂದೆ ಓದುವುದು ಬೇಡ.

ಇನ್ನು ವಸ್ತುವಿನ ಮಾತು. ಅಗ್ಗದ ಕ್ಯಾಮೆರಾದ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಮೆಗಾಪಿಕ್ಸೆಲ್. 24, 36, 48 ಎಂದು ಏರುತ್ತಲೇ ಹೋಗುತ್ತದೆ. ಇದನ್ನು ನಂಬಿ ಹಣ ಕೊಡಬೇಡಿ. ಒಳಗಿರುವ ಸೆನ್ಸರ್ ಬಹುತೇಕ ಎರಡರಿಂದ ಐದು ಮೆಗಾಪಿಕ್ಸೆಲ್ಲಿನದು. ಉಳಿದ ಚುಕ್ಕಿಗಳನ್ನು ಸಾಫ್ಟ್‌ವೇರ್ ತಾನೇ ಊಹಿಸಿ ತುಂಬುತ್ತದೆ. ಚಿತ್ರದಲ್ಲಿ ವಿವರ ಹೆಚ್ಚುವುದಿಲ್ಲ, ಕಾರ್ಡು ಬೇಗ ತುಂಬುತ್ತದೆ, ಅಷ್ಟೇ. 48 ಎಂದು ಬರೆದ ಕ್ಯಾಮೆರಾ ಕೊಂಡರೂ ಸೆಟಿಂಗಿನಲ್ಲಿ ಕಡಿಮೆಯದನ್ನೇ ಆರಿಸಿಕೊಳ್ಳಿ.

ನಿಜವಾಗಿ ನೋಡಬೇಕಾದ್ದು ಕ್ಯಾಮೆರಾ ಎಷ್ಟು ಬೇಗ ಎಚ್ಚರಗೊಳ್ಳುತ್ತದೆ ಎಂಬುದು. ಬಿಸಿಮೈಯ ಪ್ರಾಣಿಯೊಂದು ಎದುರು ಹಾದಾಗ ಆಗುವ ಶಾಖದ ಬದಲಾವಣೆಯನ್ನು ಮುಂಭಾಗದ ಇನ್‌ಫ್ರಾರೆಡ್ ಸಂವೇದಕ ಹಿಡಿಯುತ್ತದೆ. ಆಗಷ್ಟೇ ಕ್ಯಾಮೆರಾ ಎದ್ದು ಚಿತ್ರ ತೆಗೆಯುತ್ತದೆ. ಈ ನಡುವಿನ ಹೊತ್ತಿಗೆ ಟ್ರಿಗರ್ ಸಮಯ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಹತ್ತಡಿ ದೂರದಲ್ಲಿ ಸಾಧಾರಣ ಲೆನ್ಸಿಗೆ ಕಾಣುವ ಚೌಕಟ್ಟಿನ ಅಗಲ ಸುಮಾರು ಒಂಬತ್ತಡಿ. ದುಡುದುಡು ಓಡುವ ನರಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿದ್ದರೆ ಒಂದೇ ಸೆಕೆಂಡಿನಲ್ಲಿ ಆ ಒಂಬತ್ತಡಿ ದಾಟಿರುತ್ತದೆ. ಎಚ್ಚರಗೊಳ್ಳಲು ಒಂದು ಸೆಕೆಂಡು ಬೇಡುವ ಕ್ಯಾಮೆರಾಕ್ಕೆ ಸಿಗುವುದು ಬಾಲ, ಇಲ್ಲವೇ ಖಾಲಿ ದಾರಿ. ಅರ್ಧ ಸೆಕೆಂಡಿಗಿಂತ ಕಡಿಮೆ ಇರುವುದನ್ನೇ ಕೇಳಿ. ಪೆಟ್ಟಿಗೆ ಮೇಲಿನ ಅಂಕಿಯನ್ನು ಮನೆಯಂಗಳದಲ್ಲೇ ಪರೀಕ್ಷಿಸಿಕೊಳ್ಳಬಹುದು: ಕತ್ತಲಾದ ಮೇಲೆ ಕ್ಯಾಮೆರಾ ಎದುರು ನಾಯಿಯನ್ನು ಓಡಿಸಿ. ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಆಗಿಬಿಡಲಿ.

ಈ ಸಂವೇದಕಕ್ಕೆ ನಮ್ಮ ಸೀಮೆಯಲ್ಲಿ ಎರಡು ತೊಡಕುಗಳಿವೆ. ಏಪ್ರಿಲ್, ಮೇ ಮಧ್ಯಾಹ್ನದ ಬಿಸಿಲು ಪ್ರಾಣಿಯ ಮೈಬಿಸಿಯ ಹತ್ತಿರಕ್ಕೆ ಏರಿದಾಗ ಸಂವೇದಕಕ್ಕೆ ಎರಡರ ವ್ಯತ್ಯಾಸ ಕಾಣುವುದಿಲ್ಲ. ರಾತ್ರಿ ಈ ಕಷ್ಟವಿಲ್ಲ, ಹೆಚ್ಚಿನ ಪ್ರಾಣಿಗಳ ಓಡಾಟವೂ ರಾತ್ರಿಯೇ, ಆದ್ದರಿಂದ ನಷ್ಟ ಕಡಿಮೆ. ಇನ್ನೊಂದು ತೊಡಕು ಮೊಸಳೆ. 2019ರ ಆಗಸ್ಟ್ ಪ್ರವಾಹದಲ್ಲಿ ರಾಯಬಾಗ ತಾಲೂಕಿನ ಮುಳುಗಿದ ಮನೆಯೊಂದರ ಚಾವಣಿಯ ಮೇಲೆ ಮೊಸಳೆ ಕುಳಿತಿದ್ದ ದೃಶ್ಯ ದೇಶವೆಲ್ಲ ನೋಡಿತು. ಕೃಷ್ಣೆಯ ದಂಡೆಯ ಊರುಗಳಿಗೆ ಮೊಸಳೆಯ ಭಯ ಹೊಸದಲ್ಲ. ಆದರೆ ಮೊಸಳೆಯ ಮೈ ಸುತ್ತಲಿನಷ್ಟೇ ಬಿಸಿ, ಸುತ್ತಲಿನಷ್ಟೇ ತಂಪು. ಅದು ಎದುರಿಗೆ ಬಂದು ಮಲಗಿದರೂ ಕ್ಯಾಮೆರಾ ಏಳದಿರಬಹುದು. ದನ ನೀರಿಗಿಳಿಯುವ, ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಜಾಗದ ಎದುರು ದಂಡೆಯನ್ನು ಕಾಯಬೇಕೆಂದರೆ ‘ಟೈಮ್ ಲ್ಯಾಪ್ಸ್’ ಸೌಲಭ್ಯ ಇರುವುದನ್ನು ತನ್ನಿ. ಐದು ಇಲ್ಲವೇ ಹತ್ತು ನಿಮಿಷಕ್ಕೊಂದು ಚಿತ್ರವನ್ನು ಅದು ತಾನಾಗಿಯೇ ತೆಗೆಯುತ್ತಿರುತ್ತದೆ.

ರಾತ್ರಿ ಬೆಳಕಿನಲ್ಲೂ ಆಯ್ಕೆಯಿದೆ. 850 ನ್ಯಾನೊಮೀಟರ್ ಎಂದಿದ್ದರೆ ಚಿತ್ರ ಸ್ಪಷ್ಟ, ದೂರದವರೆಗೆ ಬೆಳಕು, ಆದರೆ ಮಂದ ಕೆಂಪು ಚುಕ್ಕಿಗಳು ಹೊರಗಿನವರಿಗೆ ಕಾಣುತ್ತವೆ. 940 ಎಂದಿದ್ದರೆ ಏನೂ ಕಾಣದು, ಬೆಳಕಿನ ಅಳವು ಕಡಿಮೆ. ಕಬ್ಬಿನ ನಡುವಿನ ಗಾಡಿದಾರಿಗೆ ಹದಿನೈದು ಅಡಿ ಬೆಳಕು ಸಾಕಾದ್ದರಿಂದ, ಕಳ್ಳರ ಕಣ್ಣಿಗೆ ಬೀಳದ 940ರದ್ದನ್ನೇ ನಾನು ಸೂಚಿಸುತ್ತೇನೆ. ಹತ್ತಿರದ ಪ್ರಾಣಿ ಬೆಳ್ಳಗೆ ಸುಟ್ಟಂತೆ ಬಂದರೆ ಬೆಳಕಿನ ಭಾಗದ ಮೇಲೆ ಮಬ್ಬು ಟೇಪು ಒಂದು ಸುತ್ತು ಅಂಟಿಸಿದರಾಯಿತು. ಸಂಶೋಧಕರು ಬಿಳಿ ಫ್ಲ್ಯಾಶ್ ಬಳಸುವುದುಂಟು, ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುವುದುಂಟು. ಚಿರತೆಯ ಎಡಮೈ ಬಲಮೈಗಳ ಚುಕ್ಕಿಗಳು ಬೇರೆಬೇರೆ, ಇದು ಯಾವ ಚಿರತೆ ಎಂದು ಗುರುತಿಸಲು ಅವರಿಗೆ ಎರಡೂ ಬೇಕು. ರೈತನಿಗೆ ಬಂದದ್ದು ಚಿರತೆ ಹೌದೋ ಅಲ್ಲವೋ ಎಂದಷ್ಟು ಗೊತ್ತಾದರೆ ಸಾಕು, ಒಂದು ಕ್ಯಾಮೆರಾ ಸಾಕು.

ಅಗ್ಗದ ಕ್ಯಾಮೆರಾ ದುಬಾರಿಯಾಗುವುದು ಸೆಲ್ಲುಗಳಿಂದ. ಒಂದಕ್ಕೆ ನಾಲ್ಕೋ ಎಂಟೋ ಪೆನ್ಸಿಲ್ ಸೆಲ್ ಬೇಕು. ಕಿರಾಣಿ ಅಂಗಡಿಯ ಸಾದಾ ಸೆಲ್ ಹಾಕಿದರೆ ರಾತ್ರಿಯ ಬೆಳಕಿಗೇ ಸೋತುಹೋಗುತ್ತವೆ. ಆಲ್ಕಲೈನ್ ಬಾಳುತ್ತವೆ, ಆದರೆ ಪ್ರತಿ ಸಲ ಹೊಸದು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲುಗಳು ದೀರ್ಘಕಾಲಕ್ಕೆ ಲಾಭ, ಆದರೆ ಅವು ಕೊಡುವುದು 1.5 ವೋಲ್ಟ್ ಅಲ್ಲ, 1.2. ಕೆಲವು ಅಗ್ಗದ ಮಾದರಿಗಳು ಅಷ್ಟಕ್ಕೆ ಕೆಲಸವನ್ನೇ ಮಾಡುವುದಿಲ್ಲ. ಮಾರುವವರನ್ನು ಇದೊಂದು ಪ್ರಶ್ನೆ ಖಂಡಿತ ಕೇಳಿ. ವಿಡಿಯೊ ಆಸೆ ಬಿಡಿ. ರಾತ್ರಿಯ ವಿಡಿಯೊ ಸೆಲ್ಲನ್ನು ಹೀರಿಬಿಡುತ್ತದೆ. ಒಮ್ಮೆಗೆ ಮೂರು ಸ್ಥಿರಚಿತ್ರ, ಆಮೇಲೆ ಅರ್ಧ ನಿಮಿಷ ವಿರಾಮ ಎಂದು ಇಟ್ಟುಕೊಂಡರೆ ಸಾಕಷ್ಟು ವಿವರ ಸಿಗುತ್ತದೆ.

ಸಿಮ್ ಹಾಕಿ ಫೋಟೊ ಮೊಬೈಲಿಗೇ ಬರುವಂಥದ್ದು ಬೇಡವೇ ಎಂದು ಯುವಕರು ಕೇಳುತ್ತಾರೆ. ಹೊಲ ದೂರವಿದ್ದವರಿಗೆ ಅದು ಒಳ್ಳೆಯದೇ. ಆದರೆ ಹೊರದೇಶಕ್ಕೆಂದು ತಯಾರಾದ ಹಲವು ಮಾದರಿಗಳು ಅಲ್ಲಿನ ಕಂಪನಿಗಳ ಸಿಮ್ಮಿಗಷ್ಟೇ ಹೊಂದುತ್ತವೆ. ಜಿಯೊ 4ಜಿ ಬಳಸುವುದು 850, 1800, 2300 ಮೆಗಾಹರ್ಟ್ಸ್ ತರಂಗಗಳನ್ನು. ಕ್ಯಾಮೆರಾದ ವಿವರಪಟ್ಟಿಯಲ್ಲಿ ಈ ಅಂಕಿಗಳು ಕಾಣದಿದ್ದರೆ, ಎಷ್ಟೇ ರಿಯಾಯಿತಿ ಇದ್ದರೂ ಬಿಟ್ಟುಬಿಡಿ. ಮೊದಲ ಕ್ಯಾಮೆರಾ ಸಿಮ್ ಇಲ್ಲದ್ದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಉಳಿದ ಹಣದಲ್ಲಿ ಒಳ್ಳೆಯ ಕಂಪನಿಯ 32 ಜಿಬಿ ಕಾರ್ಡು, ಒಂದು ಕಬ್ಬಿಣದ ಡಬ್ಬಿ, ಬೀಗ ಬರುತ್ತವೆ. ಡಬ್ಬಿಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ.

ಕಟ್ಟುವ ಜಾಗ ತಪ್ಪಿದರೆ ಎಂಥ ಕ್ಯಾಮೆರಾವೂ ದಂಡ. ಪ್ರಾಣಿಗಳು ಕಬ್ಬಿನೊಳಗೆ ಅಡ್ಡಾದಿಡ್ಡಿ ನುಗ್ಗುವುದು ಕಡಿಮೆ. ಗಾಡಿದಾರಿ, ಕಾಲುವೆ ದಂಡೆ, ಹಳ್ಳದ ಇಳಿಜಾರು, ಎರಡು ಹೊಲಗಳ ನಡುವಿನ ಬದು ಹಿಡಿದೇ ಅವು ನಡೆಯುತ್ತವೆ. ಹೆಜ್ಜೆ, ಹಿಕ್ಕೆ ಕಂಡ ಕಡೆ ಗಟ್ಟಿ ಗೂಟ ನೆಟ್ಟು ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಬಿಗಿಯಿರಿ. ದಾರಿಗೆ ನೇರ ಅಡ್ಡಲಾಗಿ ನೋಡುವಂತೆ ಕಟ್ಟದೆ ಓರೆಯಾಗಿ ಕಟ್ಟಿದರೆ ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಇರುತ್ತದೆ, ನಿಧಾನದ ಕ್ಯಾಮೆರಾಕ್ಕೂ ಸಿಗುತ್ತದೆ. ಮೋರೆ ಉತ್ತರಕ್ಕಿರಲಿ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ಬೆಳಗಿನ, ಸಂಜೆಯ ಬಿಸಿಲು ನೇರ ಲೆನ್ಸಿಗೆ ಬೀಳುತ್ತದೆ. ಎದುರಿನ ಕಬ್ಬಿನ ಗರಿ, ರವದಿ ತೆಗೆದು ಜಾಗ ಬಯಲು ಮಾಡಿ. ಬಿಸಿಲಿಗೆ ಕಾದ ಗರಿ ಗಾಳಿಗೆ ಅಲ್ಲಾಡಿದರೂ ಸಂವೇದಕ ಪ್ರಾಣಿಯೆಂದೇ ತಿಳಿಯುತ್ತದೆ. ಹಾಗೆ ಒಂದೇ ಮಧ್ಯಾಹ್ನದಲ್ಲಿ ನೂರಾರು ಖಾಲಿ ಚಿತ್ರಗಳು ತುಂಬಿಕೊಳ್ಳುತ್ತವೆ.

ಇನ್ನೊಂದು ಕೆಲಸಕ್ಕೆ ಕಾಸೂ ಬೇಡ. ಕ್ಯಾಮೆರಾ ಎದುರು, ಪ್ರಾಣಿ ಹಾಯುವ ಜಾಗದಲ್ಲೇ, ಒಂದಡಿ ಎರಡಡಿಗೆ ಬಿಳಿ ಬಣ್ಣದ ಗುರುತು ಹಾಕಿದ ಕೋಲು ನೆಡಿ. ಹತ್ತಿರದಿಂದ ತೆಗೆದ ಕಾಡುಬೆಕ್ಕು ಚಿತ್ರದಲ್ಲಿ ಚಿರತೆಯಷ್ಟು ದೊಡ್ಡದಾಗಿ ಕಾಣುತ್ತದೆ. ಕೋಲಿದ್ದರೆ ಸುಳ್ಳು ನಡೆಯದು. ಕಾಡುಬೆಕ್ಕಿನ ಭುಜ ಒಂದಡಿಯ ಗುರುತಿನ ಆಸುಪಾಸು, ಬೆಳೆದ ಚಿರತೆಯದು ಎರಡಡಿಯ ಆಸುಪಾಸು. ಹಾಗೆಯೇ ತಾರೀಖು, ವೇಳೆ ಸರಿಯಿದೆಯೇ ಎಂದು ಸೆಲ್ ಬದಲಿಸಿದಾಗಲೆಲ್ಲ ನೋಡಿ. ಅಗ್ಗದ ಕೆಲವು ಮಾದರಿಗಳು ಸೆಲ್ ತೆಗೆದೊಡನೆ ಎಷ್ಟೋ ವರ್ಷ ಹಿಂದಿನ ತಾರೀಖಿಗೆ ಹೋಗಿಬಿಡುತ್ತವೆ. ಆಡು ಹೋಯಿತು, ಬೆಳೆ ಹೋಯಿತು ಎಂದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವಾಗ ಅಂಥ ಫೋಟೊ ಉಪಯೋಗಕ್ಕೆ ಬಾರದು.

ಚಿರತೆಯೇ ಸಿಕ್ಕಿತೆನ್ನಿ. ಆಗ ಏನು ಮಾಡಬೇಕು ಎಂಬುದಕ್ಕೆ ಮಹಾರಾಷ್ಟ್ರದ ಕಬ್ಬಿನ ಸೀಮೆ ಪಾಠ ಹೇಳಿದೆ. ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಕೋಲೆ ತಾಲೂಕಿನಲ್ಲಿ ಕ್ಯಾಮೆರಾ ಕಟ್ಟಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಾಡೇ ಇಲ್ಲದ, ಚದರ ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಜನ ಇರುವ ಆ ಪ್ರದೇಶದಲ್ಲಿ ನೂರು ಚದರ ಕಿಲೋಮೀಟರಿಗೆ ಐದರ ಹತ್ತಿರ ಚಿರತೆಗಳಿದ್ದವು. ಅವುಗಳ ಮುಖ್ಯ ಆಹಾರ ನಾಯಿ. ಆ ಅವಧಿಯಲ್ಲಿ ಅಲ್ಲಿ ಚಿರತೆಯಿಂದ ಮನುಷ್ಯರ ಸಾವು ಆಗಿರಲಿಲ್ಲ. ಇದಕ್ಕೆ ಹತ್ತು ವರ್ಷ ಮೊದಲು ಜುನ್ನರ ಸೀಮೆಯಲ್ಲಿ ಕಂಡಕಂಡ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟಿದ್ದರು. ಅದಾದ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಿತು. ಚಿರತೆ ಕಂಡಿತೆಂದೊಡನೆ ‘ಬೋನು ತರ್ರಿ’ ಎಂದು ರಸ್ತೆ ತಡೆಯುವ ಮೊದಲು ಈ ಎರಡು ಊರುಗಳ ಅನುಭವ ನಮಗೆ ಗೊತ್ತಿರಬೇಕು. ಫೋಟೊವನ್ನು ಊರಿನ ಗ್ರೂಪಿಗೆ ಹಾಕದೆ ಅರಣ್ಯ ಸಿಬ್ಬಂದಿಗೆ ತೋರಿಸಿ. ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಯಾವ ದಾರಿಯಲ್ಲಿ ಓಡಾಡುತ್ತಿದೆ ಎಂದು ಕ್ಯಾಮೆರಾ ಕಟ್ಟಿದ ಜಾಗವೇ ಹೇಳುತ್ತದೆ, ಎಷ್ಟು ಗಂಟೆಗೆ ಎಂದು ಚಿತ್ರದ ಕೆಳಗೇ ಬರೆದಿರುತ್ತದೆ. ಆ ದಾರಿಯಲ್ಲಿ ಆ ಹೊತ್ತು ಒಬ್ಬರೇ ಹೋಗದಿರುವುದು, ಆಡುಕುರಿಗೆ ಬಾಗಿಲಿರುವ ಗಟ್ಟಿ ಕೊಟ್ಟಿಗೆ, ಊರಂಚಿನಲ್ಲಿ ಕೋಳಿಯಂಗಡಿಯ ಕಸ ಸುರಿಯದಿರುವುದು ಇವೆಲ್ಲ ಬೋನಿಗಿಂತ ಹೆಚ್ಚು ಜೀವ ಉಳಿಸುತ್ತವೆ. ಕೈಯಲ್ಲಿ ಇಂಥ ಚಿತ್ರಗಳಿದ್ದರೆ, ಆ ಹೊಲಗಳಿಗೆ ಕರೆಂಟು ಕೊಡುವ ಫೀಡರಿಗೆ ಹಗಲು ಪಾಳಿ ಕೊಡಿ ಎಂದು ಹೆಸ್ಕಾಂ ಕಚೇರಿಯಲ್ಲಿ ಕೇಳುವ ಅರ್ಜಿಗೂ ಬಲ ಬರುತ್ತದೆ.

ಕಟಾವಿನ ಕಾಲದಲ್ಲಿ ಕಬ್ಬಿನೊಳಗೆ ಮರಿಗಳು ಸಿಗುವುದುಂಟು. ತಾಯಿ ಬಿಟ್ಟುಹೋಗಿದೆ ಎಂದು ಜನ ಎತ್ತಿಕೊಂಡು ಬರುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಮರಿ ಕಳೆದುಕೊಂಡು ಹುಡುಕುವ ತಾಯಿಚಿರತೆ ಊರಿಗೇ ಅಪಾಯ. ಜುನ್ನರ ಭಾಗದಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆಯೊಂದಿಗೆ ಸೇರಿ, ಅಂಥ ಮರಿಗಳನ್ನು ಸಿಕ್ಕ ಜಾಗದಲ್ಲೇ ಡಬ್ಬಿಯಲ್ಲಿಟ್ಟು ದೂರ ಸರಿಯುತ್ತದೆ. ರಾತ್ರಿ ತಾಯಿ ಬಂದು ಮರಿಯನ್ನು ಕಚ್ಚಿಕೊಂಡು ಹೋದದ್ದನ್ನು ಟ್ರ್ಯಾಪ್ ಕ್ಯಾಮೆರಾಗಳು ಎಷ್ಟೋ ಸಲ ದಾಖಲಿಸಿವೆ. ನಮ್ಮ ಕಡೆ ಮರಿ ಸಿಕ್ಕರೂ ಮುಟ್ಟದೆ, ಕಟಾವು ನಿಲ್ಲಿಸಿ, ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ.

ಈ ಕ್ಯಾಮೆರಾದ ಬಗ್ಗೆ ನನಗಿರುವ ಒಂದು ನಿಜವಾದ ಆತಂಕ ಹೆಣ್ಣುಮಕ್ಕಳದ್ದು. ಹೊಲದ ದಾರಿ ಅವರು ಬಯಲಿಗೆ ಹೋಗುವ ದಾರಿಯೂ ಹೌದು, ಹುಲ್ಲು ಹೊರುವಾಗ ಸುಖದುಃಖ ಮಾತಾಡಿಕೊಳ್ಳುವ ದಾರಿಯೂ ಹೌದು. ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲಿನ ಸುತ್ತ ಸಂಶೋಧಕ ತ್ರಿಶಾಂತ್ ಸಿಮ್ಲಾಯ್ ನಡೆಸಿದ ಅಧ್ಯಯನ 2024ರಲ್ಲಿ ಹೊರಬಂತು. ಪ್ರಾಣಿಗಳಿಗೆಂದು ಕಟ್ಟಿದ ಕ್ಯಾಮೆರಾಗಳಲ್ಲಿ ಸೆರೆಯಾದ ಮಹಿಳೆಯೊಬ್ಬರ ಚಿತ್ರ ಊರಲ್ಲಿ ಹರಿದಾಡಿದ್ದು, ಸಿಟ್ಟಿಗೆದ್ದ ಜನ ಕ್ಯಾಮೆರಾ ಒಡೆದದ್ದು, ಮಹಿಳೆಯರು ಕಾಡಿನಲ್ಲಿ ಹಾಡುವುದನ್ನೇ ನಿಲ್ಲಿಸಿದ್ದು ಅದರಲ್ಲಿದೆ. ನಮ್ಮಲ್ಲಿ ಹಾಗಾಗಬಾರದು. ಕ್ಯಾಮೆರಾ ಎಲ್ಲಿದೆಯೆಂದು ಅಕ್ಕಪಕ್ಕದ ಹೊಲದವರಿಗೆ, ಆಳುಗಳಿಗೆ ಮೊದಲೇ ಹೇಳಿ. ಜನರ ಓಡಾಟವಿರುವ ಹಗಲಿನಲ್ಲಿ ಆಫ್ ಆಗಿ ರಾತ್ರಿ ಮಾತ್ರ ಕೆಲಸ ಮಾಡುವಂತೆ ಟೈಮರ್ ಇಡಬಹುದು, ಬಹಳಷ್ಟು ಮಾದರಿಗಳಲ್ಲಿ ಈ ಸೌಲಭ್ಯವಿದೆ. ಮನುಷ್ಯರ ಚಿತ್ರ ಬಂದರೆ ಅಲ್ಲೇ ಅಳಿಸಿ. ಅರಣ್ಯದ ಜಾಗದಲ್ಲಿ ಇಲಾಖೆಯ ಅನುಮತಿ ಇಲ್ಲದೆ, ಬೇರೆಯವರ ಹೊಲದಲ್ಲಿ ಅವರ ಒಪ್ಪಿಗೆ ಇಲ್ಲದೆ ಕಟ್ಟಬೇಡಿ.

ಆದ್ದರಿಂದಲೇ ಒಬ್ಬೊಬ್ಬ ರೈತ ಒಂದೊಂದು ಕೊಳ್ಳುವುದಕ್ಕಿಂತ ಊರು ಸೇರಿ ಕೊಳ್ಳುವುದು ಮೇಲು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಹಳ್ಳಿಗಳಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ (ಪಿಕೆಪಿಎಸ್) ಇದೆ, ಸೆಪ್ಟೆಂಬರಿನಲ್ಲಿ ಅದರ ವಾರ್ಷಿಕ ಸಭೆ ನಡೆಯುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳು ಬರುವ ಮುನ್ನ ನಿರ್ಧಾರ ಮಾಡಲು ಅದೇ ಸರಿಯಾದ ವೇಳೆ. ಮೂರು ನಾಲ್ಕು ಕ್ಯಾಮೆರಾ, ಚಾರ್ಜ್ ಮಾಡುವ ಸೆಲ್ಲುಗಳ ಎರಡು ಜೊತೆ, ಕಬ್ಬಿಣದ ಡಬ್ಬಿಗಳು ಸಂಘದಲ್ಲಿರಲಿ. ಡಬ್ಬಿಯ ಕೀಲಿ ಕಾರ್ಯದರ್ಶಿಯ ಬಳಿ, ಕಾರ್ಡು ನೋಡುವುದು ಇಬ್ಬರು ಮಾತ್ರ, ಅವರಲ್ಲಿ ಒಬ್ಬರು ಮಹಿಳೆ. ಮೊದಲ ಕ್ಯಾಮೆರಾ ಕಟ್ಟಬೇಕಾದ್ದು ದೊಡ್ಡ ರೈತರ ತೋಟದಲ್ಲಲ್ಲ. ಬೀಡ್, ವಿಜಯಪುರ ಕಡೆಯಿಂದ ಬರುವ ಕಬ್ಬು ಕಡಿಯುವವರು ಕೂಸುಮಕ್ಕಳನ್ನು ಕಟ್ಟಿಕೊಂಡು, ಬಾಗಿಲಿಲ್ಲದ ಗುಡಿಸಲಿನಲ್ಲಿ ನಾಲ್ಕೈದು ತಿಂಗಳು ಮಲಗುವ ಜಾಗದ ಸುತ್ತ, ಅವರು ಬಂದಿಳಿಯುವ ಹದಿನೈದು ದಿನ ಮೊದಲು.